ಒಂದು ಮಿಲಿಮೀಟರಿನ ಲೆಕ್ಕ



ಗೇರಿಲ್ಲದ ಸ್ಕೂಟರಿನೊಳಗೆ ಒಂದು ಬೆಲ್ಟ್ ಇದೆ. ಅದನ್ನು ಓಡಿಸುವ ಬಹಳ ಮಂದಿಗೆ ಈ ವಿಷಯ ಗೊತ್ತಾಗುವುದು ಬೆಲ್ಟ್ ಕಟ್ ಆದ ದಿನ. ಎಂಜಿನ್ ಸ್ಟಾರ್ಟ್ ಆಗುತ್ತದೆ. ಎಕ್ಸಲರೇಟರ್ ತಿರುವಿದರೆ ಸದ್ದೂ ಏರುತ್ತದೆ. ಗಾಡಿ ಮಾತ್ರ ಅಲ್ಲಾಡುವುದಿಲ್ಲ. ಪೆಟ್ರೋಲ್ ಇದೆ, ಬ್ಯಾಟರಿ ಇದೆ, ಪ್ಲಗ್ ಸರಿಯಿದೆ. ಆದರೂ ಚಕ್ರ ತಿರುಗದು. ಕೊನೆಗೆ ಗ್ಯಾರೇಜಿನವರೆಗೆ ತಳ್ಳಿಕೊಂಡು ಹೋಗಬೇಕು. ಮೆಕ್ಯಾನಿಕ್ ಎಡಗಡೆಯ ಮುಚ್ಚಳ ಬಿಚ್ಚುತ್ತಾರೆ. ಕಪ್ಪು ರಬ್ಬರಿನ ಚೂರು, ನೂಲಿನ ಸಿಕ್ಕು ತೆಗೆದು ತೋರಿಸುತ್ತಾರೆ. "ಬೆಲ್ಟ್ ಹೋಗಿದೆ ಸಾರ್, ಹೊಸದು ಹಾಕಬೇಕು" ಅನ್ನುತ್ತಾರೆ.

ಇವತ್ತಿನ ಮಾತು ಈ ಬೆಲ್ಟಿನದು. ಅದನ್ನು ಬದಲಿಸುವ ಕೆಲಸದ್ದು. ನಾನು ಹೇಳಹೊರಟಿರುವುದು ಒಂದೇ ಸಂಗತಿ. ಬೆಲ್ಟ್ ತುಂಡಾಗಿದೆಯೇ ಇಲ್ಲವೇ ಎಂದು ನೋಡಿದರೆ ಸಾಲದು. ಎಷ್ಟು ಸವೆದಿದೆ ಎಂದು ಅಳೆಯಬೇಕು. ಯಾಕೆಂದರೆ ಈ ಗಾಡಿಯಲ್ಲಿ ಬೆಲ್ಟಿನ ಅಗಲದ ಮೇಲೆಯೇ ಗೇರು ನಿಂತಿದೆ.

ಅದು ಹೇಗೆ ಎಂದು ಕೇಳುತ್ತೀರಿ. ಚಿತ್ರ ತೋರಿಸಲು ರೇಡಿಯೋದಲ್ಲಿ ಆಗದು. ಆದ್ದರಿಂದ ನೀವೇ ಒಂದಿಷ್ಟು ಕಲ್ಪಿಸಿಕೊಳ್ಳಿ. ಎರಡು ಊಟದ ತಟ್ಟೆಗಳನ್ನು ತಳಕ್ಕೆ ತಳ ತಾಗಿಸಿ, ಗಾಲಿಯ ಹಾಗೆ ನಿಲ್ಲಿಸಿ ಹಿಡಿಯಿರಿ. ನಡುವೆ ತಳ ಕೂಡಿರುತ್ತದೆ. ಅಂಚಿನತ್ತ ಬಂದಂತೆ ಸಂದು ಅಗಲವಾಗುತ್ತದೆ. ಸ್ಕೂಟರಿನ ಪುಲ್ಲಿ ಇರುವುದು ಹೀಗೇ. ಇಂಥ ಜೋಡಿ ಎಂಜಿನ್ನಿನ ಕಡೆ ಒಂದು, ಹಿಂದಿನ ಚಕ್ರದ ಕಡೆ ಒಂದು. ಎರಡರ ನಡುವೆ ಬೆಲ್ಟ್ ಸುತ್ತುತ್ತದೆ. ಬೆಲ್ಟಿನ ಎರಡು ಪಕ್ಕಗಳೂ ಓರೆಯಾಗಿ ಕತ್ತರಿಸಿದವು. ಆ ಪಕ್ಕಗಳಷ್ಟೇ ಪುಲ್ಲಿಯನ್ನು ಹಿಡಿಯುತ್ತವೆ.

ಈಗ ತಟ್ಟೆಗಳನ್ನು ದೂರ ಮಾಡಿ. ಬೆಲ್ಟ್ ಒಳಕ್ಕೆ, ನಡುವಿನತ್ತ ಇಳಿಯುತ್ತದೆ. ಹತ್ತಿರ ತನ್ನಿ. ಬೆಲ್ಟ್ ಅಂಚಿನತ್ತ ಏರುತ್ತದೆ. ಗಾಡಿ ನಿಂತಿರುವಾಗ ಮುಂದಿನ ತಟ್ಟೆಗಳು ದೂರ ಇರುತ್ತವೆ, ಅಲ್ಲಿ ಬೆಲ್ಟ್ ಸಣ್ಣ ಸುತ್ತು ಸುತ್ತುತ್ತದೆ. ಹಿಂದಿನವನ್ನು ಸ್ಪ್ರಿಂಗ್ ಒತ್ತಿ ಹಿಡಿದಿರುತ್ತದೆ, ಅಲ್ಲಿ ದೊಡ್ಡ ಸುತ್ತು. ಅದೇ ಮೊದಲನೇ ಗೇರು. ಎಂಜಿನ್ ವೇಗ ಏರಿದಾಗ ಮುಂದಿನ ಪುಲ್ಲಿಯ ಹಿಂದೆ ಅಡಗಿರುವ ರೋಲರುಗಳು ಹೊರಕ್ಕೆ ಸಿಡಿಯುತ್ತವೆ. ಸಾಮಾನ್ಯವಾಗಿ ಆರು ಇರುತ್ತವೆ. ಸಿಡಿಯುತ್ತ ತಟ್ಟೆಯನ್ನು ಒತ್ತುತ್ತವೆ. ಬೆಲ್ಟ್ ಮುಂದೆ ಮೇಲೇರುತ್ತದೆ. ಅದರ ಉದ್ದ ಬದಲಾಗದು, ಹಾಗಾಗಿ ಹಿಂದಿನ ಪುಲ್ಲಿಯಲ್ಲಿ ಸ್ಪ್ರಿಂಗನ್ನು ಒತ್ತಿಕೊಂಡು ಒಳಗಿಳಿಯುತ್ತದೆ. ಗೇರು ತಾನಾಗಿ ಬದಲಾಯಿತು.

ಈ ಯೋಚನೆ ಹೊಸದೇನಲ್ಲ. 1911ರ ಹೊತ್ತಿಗೇ ಇಂಗ್ಲೆಂಡಿನ ಕವೆಂಟ್ರಿಯ ರಡ್ಜ್ ಕಂಪನಿ 'ಮಲ್ಟಿ' ಎಂಬ ಮೋಟರ್‌ಸೈಕಲ್ ತಯಾರಿಸಿತ್ತು. ಅದರ ಪೆಟ್ರೋಲ್ ಟ್ಯಾಂಕಿನ ಪಕ್ಕದಲ್ಲಿ ಒಂದು ಉದ್ದ ಹಿಡಿ. ಹಿಡಿಯನ್ನು ಸರಿಸಿದರೆ ಒಂದು ಪುಲ್ಲಿ ಕೂಡುತ್ತಿತ್ತು, ಇನ್ನೊಂದು ಬಿಡುತ್ತಿತ್ತು. ಒಟ್ಟು ಇಪ್ಪತ್ತೊಂದು ಜಾಗಗಳಲ್ಲಿ ನಿಲ್ಲಿಸಬಹುದಿತ್ತು. 1914ರ ಐಲ್ ಆಫ್ ಮ್ಯಾನ್ ಸೀನಿಯರ್ ಟಿಟಿ ಪಂದ್ಯವನ್ನು ಸಿರಿಲ್ ಪುಲಿನ್ ಗೆದ್ದದ್ದು ಈ ಗಾಡಿಯ ಮೇಲೆಯೇ. ಇವತ್ತು ರೋಲರ್ ಮಾಡುವ ಕೆಲಸವನ್ನು ಅಂದು ಸವಾರನ ಕೈ ಮಾಡುತ್ತಿತ್ತು. ಆ ಕಾಲದ ಬೆಲ್ಟುಗಳ ಪಾಡು ಕೇಳಬೇಡಿ. ಮಳೆ ಬಂದರೆ ಜಾರುತ್ತಿದ್ದವು. ಉದ್ದವಾದರೆ ಒಂದು ತುಂಡು ಕತ್ತರಿಸಿ, ಲೋಹದ ಕೊಂಡಿ ಹಾಕಿ ಮತ್ತೆ ಜೋಡಿಸಬೇಕಿತ್ತು. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಸೇನೆಯ ಓಲೆಕಾರರು ಓಡಿಸಿದ ಟ್ರಯಂಫ್ ಮಾಡೆಲ್ ಎಚ್ ಗಾಡಿಯ ಹಿಂದಿನ ಚಕ್ರವನ್ನೂ ತಿರುಗಿಸುತ್ತಿದ್ದದ್ದು ಬೆಲ್ಟೇ. ಆಮೇಲೆ ಮೋಟರ್‌ಸೈಕಲ್ ಚೈನಿಗೆ ಬದಲಾಯಿತು, ಬಹುಮಟ್ಟಿಗೆ ಅಲ್ಲೇ ನಿಂತಿತು.

ಕೈಯ ಹಿಡಿ ಇಲ್ಲದೆ ಪುಲ್ಲಿ ತಾನೇ ಹೊಂದಿಕೊಳ್ಳುವ ವ್ಯವಸ್ಥೆಯನ್ನು ಕಾರಿಗೆ ತಂದವರು ಹಾಲೆಂಡಿನ ಹಬ್ ವಾನ್ ಡೋರ್ನ. ಅವರ ಡಾಫ್ ಕಂಪನಿ 1958ರಲ್ಲಿ ಅಂಥ ಪುಟ್ಟ ಕಾರನ್ನು ಜನರ ಮುಂದಿಟ್ಟಿತು. ಆ ಕಾರು ಮುಂದಕ್ಕೆ ಎಷ್ಟು ವೇಗವಾಗಿ ಓಡಬಲ್ಲುದೋ ಹಿಂದಕ್ಕೂ ಅಷ್ಟೇ ವೇಗವಾಗಿ ಓಡಬಲ್ಲುದಾಗಿತ್ತು! ನಮ್ಮ ದೇಶದಲ್ಲಿ ಇದು ಮನೆಮಾತಾದದ್ದು 1984ರಲ್ಲಿ ಬಂದ ಕೈನೆಟಿಕ್ ಹೋಂಡಾದಿಂದ. 2001ರಲ್ಲಿ ಹೋಂಡಾದ ಆಕ್ಟಿವಾ ಬಂತು. ಆಮೇಲಿನದು ನಿಮ್ಮ ಬೀದಿಯಲ್ಲೇ ಕಾಣುತ್ತದೆ. 2013ರಿಂದ ನಮ್ಮ ಕೋಲಾರ ಜಿಲ್ಲೆಯ ನರಸಾಪುರದಲ್ಲೂ ಹೋಂಡಾ ಕಾರ್ಖಾನೆ ನಡೆಯುತ್ತಿದೆ.

ಇಷ್ಟು ಹೊತ್ತು ಕೇಳಿದ್ದನ್ನು ಒಮ್ಮೆ ನೆನೆಯೋಣ. ಎರಡು ಪುಲ್ಲಿ, ನಡುವೆ ಓರೆ ಪಕ್ಕದ ಬೆಲ್ಟ್. ಬೆಲ್ಟ್ ಮೇಲೇರಿ ಕೆಳಗಿಳಿಯುವುದೇ ಗೇರು. ಈಗ ಸವೆತದ ಮಾತಿಗೆ ಬರೋಣ.

ಸಾಮಾನ್ಯ ಸ್ಕೂಟರಿನ ಹೊಸ ಬೆಲ್ಟಿನ ಅಗಲ ಸುಮಾರು ಹದಿನೆಂಟರಿಂದ ಇಪ್ಪತ್ತು ಮಿಲಿಮೀಟರ್. ಓಡುತ್ತ ಓಡುತ್ತ ಪಕ್ಕಗಳು ಸವೆಯುತ್ತವೆ. ಒಂದು ಮಿಲಿಮೀಟರ್ ಸವೆಯಿತು ಅನ್ನಿ. ಅದೇನು ಮಹಾ ಎಂದು ನಿಮಗೆ ಅನ್ನಿಸಬಹುದು. ಆದರೆ ಪುಲ್ಲಿಯ ಗೋಡೆ ಓರೆಯಾಗಿದೆ. ಅಗಲದಲ್ಲಿ ಒಂದು ಮಿಲಿಮೀಟರ್ ಕಡಿಮೆಯಾದರೆ ಬೆಲ್ಟ್ ಸುಮಾರು ಎರಡು ಮಿಲಿಮೀಟರ್ ಒಳಗೆ ಕುಸಿಯುತ್ತದೆ. ಹಿಂದಿನ ಪುಲ್ಲಿಯ ತಟ್ಟೆಗಳು ಪೂರ್ತಿ ಕೂಡಿದರೂ ಸವೆದ ಬೆಲ್ಟ್ ಅಂಚಿಗೆ ಬರುವುದಿಲ್ಲ. ಹಾಗಾಗಿ ಹೊರಡುವಾಗ ಪಿಕಪ್ ಇಲ್ಲ. ಮುಂದಿನ ಪುಲ್ಲಿಯಲ್ಲೂ ಅದೇ ಕತೆ. ರೋಲರುಗಳು ಪೂರ್ತಿ ಒತ್ತಿದರೂ ಬೆಲ್ಟ್ ಮೇಲಿನವರೆಗೆ ಏರುವುದಿಲ್ಲ. ಹಾಗಾಗಿ ಕೊನೆಯ ವೇಗವೂ ಇಲ್ಲ. ಅಂದರೆ ಮೊದಲ ಗೇರಿನ ಒಂದು ತುದಿ, ಕೊನೆಯ ಗೇರಿನ ಒಂದು ತುದಿ, ಎರಡನ್ನೂ ಸವೆತ ತಿಂದುಹಾಕಿತು. ಬೆಲ್ಟ್ ಇನ್ನೂ ತುಂಡಾಗಿಲ್ಲ, ಗಮನಿಸಿ. ಕಣ್ಣಿಗೆ ಚೆನ್ನಾಗಿಯೇ ಇದೆ.

ಇದು ದಿನದಿನಕ್ಕೆ ಗೊತ್ತಾಗುವಂಥದ್ದಲ್ಲ. ಸವೆತ ನಿಧಾನ. ಸವಾರನ ಕೈ ಅದಕ್ಕೆ ಒಗ್ಗಿಕೊಳ್ಳುತ್ತದೆ. ಎಕ್ಸಲರೇಟರನ್ನು ಒಂದಿಷ್ಟು ಹೆಚ್ಚು ತಿರುವುತ್ತಾನೆ, ಅಷ್ಟೇ. ಮೈಲೇಜು ಇಳಿಯಿತು ಎಂದು ಪೆಟ್ರೋಲ್ ಬಂಕನ್ನು ಬೈಯುತ್ತಾನೆ. ಪಿಕಪ್ ಇಲ್ಲ ಎಂದು ಕಾರ್ಬುರೇಟರ್ ಬಿಚ್ಚಿಸುತ್ತಾನೆ. ನನ್ನ ಅಭಿಪ್ರಾಯ ಕೇಳಿದರೆ, ಹಳೇ ಸ್ಕೂಟರುಗಳ ಕಾರ್ಬುರೇಟರಿಗೆ ಸಿಕ್ಕ ಬೈಗುಳದಲ್ಲಿ ಒಂದು ಪಾಲು ಬೆಲ್ಟಿಗೆ ಸಲ್ಲಬೇಕಾದದ್ದು.

ಕಿವಿಗೂ ಮೂಗಿಗೂ ಸಿಗುವ ಕುರುಹುಗಳು ಕೆಲವಿವೆ. ದಿಬ್ಬ ಏರುವಾಗ ಎಂಜಿನ್ ಸದ್ದು ಏರಿ, ವೇಗ ಏರದೆ ಇರುವುದು. ಹೊರಡುವಾಗ ಗಾಡಿ ಗಡಗಡ ನಡುಗುವುದು. ಅದು ಕ್ಲಚ್ಚಿನ ದೋಷವೂ ಇರಬಹುದು, ಬಿಚ್ಚಿಯೇ ನೋಡಬೇಕು. ಎಡಗಡೆಯಿಂದ ಕೀಚಲು ಸದ್ದು. ಸುಟ್ಟ ರಬ್ಬರಿನ ವಾಸನೆ. ಇವು ಬಂದ ಮೇಲೆ ಮುಂದೂಡಬೇಡಿ. ಆದರೆ ಈ ಕುರುಹುಗಳಿಗಾಗಿ ಕಾಯಲೂ ಬೇಡಿ. ಗಾಡಿಯ ಜೊತೆ ಕೊಟ್ಟ ಪುಸ್ತಕದಲ್ಲಿ ಎಷ್ಟು ಕಿಲೋಮೀಟರಿಗೆ ಬೆಲ್ಟ್ ನೋಡಬೇಕು, ಎಷ್ಟಕ್ಕೆ ಬದಲಿಸಬೇಕು ಎಂದು ಬರೆದಿರುತ್ತದೆ. ಬದಲಿಸುವುದು ಹೆಚ್ಚಿನ ಗಾಡಿಗಳಿಗೆ ಇಪ್ಪತ್ತರಿಂದ ಇಪ್ಪತ್ತೈದು ಸಾವಿರದ ಸುಮಾರಿಗೆ ಬರುತ್ತದೆ. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ತೆವಳುವ ಗಾಡಿಗೆ ಅದಕ್ಕೂ ಮೊದಲೇ ನೋಡಿಸುವುದು ಒಳ್ಳೆಯದು. ಕಾರಣವಿದೆ. ಮುಂದಿನ ಪುಲ್ಲಿಯ ಹೊರಮೈಯಲ್ಲಿ ಫ್ಯಾನಿನ ಎಲೆಗಳಿರುತ್ತವೆ. ಅವು ಎಂಜಿನ್ನಿನ ಜೊತೆ ತಿರುಗಿ ಬೆಲ್ಟಿಗೆ ಗಾಳಿ ಹಾಕುತ್ತವೆ. ನಿಂತು ನಿಂತು ಹೊರಡುವಾಗ ಗಾಳಿ ಕಡಿಮೆ, ಉಜ್ಜಾಟ ಹೆಚ್ಚು. ಒಳಗೆ ಕಾವು ಏರುತ್ತದೆ. ರಬ್ಬರ್ ಗಡುಸಾಗಿ ಬಿರುಕು ಬಿಡುತ್ತದೆ.

ಸರಿ, ಸವೆತದ ಮಾತಾಯಿತು. ಬೆಲ್ಟ್ ದಾರಿಯಲ್ಲೇ ಕಟ್ ಆದರೆ ಏನು ಮಾಡಬೇಕು? ಎರಡು ವಿಷಯ ನೆನಪಿಡಿ. ಒಂದು, ಆಗುಂಬೆಯಲ್ಲೋ ಚಾರ್ಮಾಡಿಯಲ್ಲೋ ಘಾಟಿ ಇಳಿಯುವಾಗ ಹಾಗಾದರೆ ಎಂಜಿನ್ನಿನ ಹಿಡಿತ ತಟ್ಟನೆ ತಪ್ಪುತ್ತದೆ. ಆಗ ಗಾಡಿಯನ್ನು ತಡೆಯುವುದು ಬ್ರೇಕ್ ಮಾತ್ರ. ಗಾಬರಿಯಾಗದೆ ಎರಡೂ ಬ್ರೇಕ್ ಹಿಡಿದು ಪಕ್ಕಕ್ಕೆ ನಿಲ್ಲಿಸಿ. ಇನ್ನೊಂದು, ನಿಂತ ಮೇಲೆ ಮತ್ತೆ ಮತ್ತೆ ರೇಸ್ ಕೊಟ್ಟು ನೋಡಬೇಡಿ. ಒಳಗಿನ ನೂಲು ತಿರುಗುವ ದಂಡಕ್ಕೆ ಸುತ್ತಿಕೊಳ್ಳುತ್ತದೆ, ಆಯಿಲ್ ಸೀಲನ್ನು ಹಾಳುಮಾಡುತ್ತದೆ. ಕೆಲವು ನೂರು ರೂಪಾಯಿಯಲ್ಲಿ ಮುಗಿಯುವ ಕೆಲಸ ಸಾವಿರಗಳಿಗೆ ಏರುವುದು ಹೀಗೆ.

ಆ ನೂಲಿನ ಬಗ್ಗೆ ಒಂದು ಮಾತು. ಬೆಲ್ಟಿನ ಬಲವೆಲ್ಲ ಇರುವುದು ರಬ್ಬರಿನೊಳಗೆ ಹುದುಗಿದ ನೂಲೆಳೆಗಳಲ್ಲಿ. ಹಲವು ಬೆಲ್ಟುಗಳಲ್ಲಿ ಅದು ಕೆವ್ಲಾರ್ ಜಾತಿಯ ಎಳೆ. 1965ರಲ್ಲಿ ಅಮೆರಿಕದ ಡುಪಾಂಟ್ ಕಂಪನಿಯ ರಸಾಯನಶಾಸ್ತ್ರಜ್ಞೆ ಸ್ಟೆಫನಿ ಕ್ವಾಲೆಕ್ ಇದರ ಮೂಲವನ್ನು ಕಂಡುಹಿಡಿದರು. ಆಗ ಅವರು ಹುಡುಕುತ್ತಿದ್ದದ್ದು ಟೈರಿಗೆ ಬೇಕಾದ ಹಗುರ ಎಳೆಯನ್ನು. ಗುಂಡು ತಡೆಯುವ ಕವಚದ ಹೆಸರಿನಲ್ಲಿ ಅದು ಪ್ರಸಿದ್ಧವಾಯಿತು. ನಿಮ್ಮ ಸ್ಕೂಟರಿನಲ್ಲೂ ಅದೇ ಜಾತಿಯ ಎಳೆ ದುಡಿಯುತ್ತಿರಬಹುದು.

ಇದುವರೆಗೆ ಬೆಲ್ಟ್ ಏನು, ಹೇಗೆ ಸವೆಯುತ್ತದೆ, ಕಟ್ ಆದರೆ ಏನು ಎಂದು ಕೇಳಿದಿರಿ. ಇನ್ನು ಬದಲಿಸುವ ಕೆಲಸ. ನೀವೇ ಮಾಡಿದರೂ ಸರಿ, ಗ್ಯಾರೇಜಿನಲ್ಲಿ ಪಕ್ಕ ನಿಂತು ನೋಡಿದರೂ ಸರಿ.

ಎಂಜಿನ್ ತಣ್ಣಗಿರಲಿ. ಗಾಡಿ ಸೆಂಟರ್ ಸ್ಟ್ಯಾಂಡಿನ ಮೇಲಿರಲಿ. ಎಡಗಡೆಯ ಮುಚ್ಚಳದ ಬೋಲ್ಟುಗಳು ಎಲ್ಲವೂ ಒಂದೇ ಉದ್ದದವಲ್ಲ. ಬಿಚ್ಚಿದ ಕ್ರಮದಲ್ಲೇ ಒಂದು ರಟ್ಟಿಗೆ ಚುಚ್ಚಿಟ್ಟುಕೊಳ್ಳಿ. ಮುಚ್ಚಳ ತೆಗೆದ ಕೂಡಲೇ ಒಳಗಿನ ಕಪ್ಪು ಪುಡಿಯನ್ನು ಗಾಳಿ ಊದಿ ಹಾರಿಸುವ ರೂಢಿ ಇದೆ. ಅದು ಬೆಲ್ಟಿನ ಪುಡಿಯಷ್ಟೇ ಅಲ್ಲ, ಕ್ಲಚ್ಚಿನ ಪುಡಿಯೂ ಹೌದು. ಉಸಿರಿಗೆ ಹೋಗಬಾರದು. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ, ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಿರಿ.

ಮುಂದಿನ ಪುಲ್ಲಿಯನ್ನು ಹಿಡಿಯಲು ಅದಕ್ಕೆಂದೇ ಒಂದು ಹೋಲ್ಡರ್ ಬರುತ್ತದೆ. ಫ್ಯಾನಿನ ಎಲೆಗಳ ನಡುವೆ ಸ್ಕ್ರೂಡ್ರೈವರ್ ಸಿಕ್ಕಿಸಿ ನಟ್ಟು ತಿರುಗಿಸುವವರನ್ನು ಕಂಡರೆ ಅಲ್ಲೇ ತಡೆಯಿರಿ. ಎಲೆ ಮುರಿಯುತ್ತದೆ. ನಟ್ಟು ಬಂದ ಮೇಲೆ ಹೊರಗಿನ ತಟ್ಟೆಯನ್ನು ಎಳೆದು ತೆಗೆಯಬಹುದು. ಹಿಂದಿನ ಪುಲ್ಲಿಯ ತಟ್ಟೆಗಳನ್ನು ಬಿಡಿಸಿ ಹಿಡಿದು ಬೆಲ್ಟನ್ನು ಒಳಕ್ಕೆ ಒತ್ತಿದರೆ ಸಡಿಲು ಸಿಗುತ್ತದೆ. ಕೆಲವು ಗಾಡಿಗಳಲ್ಲಿ ಹಿಂದಿನ ಕ್ಲಚ್ ಜೋಡಣೆಯನ್ನೂ ಬಿಚ್ಚಬೇಕಾಗುತ್ತದೆ.

ಹಳೆಯ ಬೆಲ್ಟ್ ಕೈಗೆ ಬಂತಲ್ಲ, ಈಗ ವರ್ನಿಯರ್ ಕ್ಯಾಲಿಪರಿನಿಂದ ಅಗಲ ಅಳೆಯಿರಿ. ಮೂರು ನಾಲ್ಕು ಕಡೆ ಅಳೆಯಿರಿ. ಪುಸ್ತಕದಲ್ಲಿ ಹೇಳಿದ ಮಿತಿಗಿಂತ ಕಡಿಮೆಯಿದ್ದರೆ ಅದರ ಆಯುಸ್ಸು ಮುಗಿಯಿತು. ಮಿತಿ ಸಾಮಾನ್ಯವಾಗಿ ಹೊಸದಕ್ಕಿಂತ ಒಂದು ಮಿಲಿಮೀಟರಿನಷ್ಟೇ ಕಡಿಮೆ ಇರುತ್ತದೆ. ಬೆಲ್ಟನ್ನು ಹಿಂದುಮುಂದಾಗಿ ಬಾಗಿಸಿ ಅದರ ಒಳಮೈಯ ಹಲ್ಲುಗಳ ಬುಡವನ್ನೂ ನೋಡಿ. ಬಿರುಕು ಇದ್ದರೆ ಅಗಲ ಸರಿಯಿದ್ದರೂ ಬೇಡ.

ಹೊಸದನ್ನು ಹಾಕುವ ಮುಂಚೆ ರೋಲರುಗಳನ್ನು ನೋಡಲೇಬೇಕು. ದುಂಡಗಿರಬೇಕಾದ ರೋಲರ್ ಒಂದು ಕಡೆ ಚಪ್ಪಟೆಯಾಗಿದ್ದರೆ ಅದು ಉರುಳುವುದಿಲ್ಲ, ಜಾರುತ್ತದೆ. ತಟ್ಟೆಯನ್ನು ಒಂದೇ ಸಮನೆ ಒತ್ತುವುದಿಲ್ಲ. ಹಾಗೆಯೇ ಬೆಲ್ಟಿನ ಮೇಲೆ ಎಣ್ಣೆಯ ಪಸೆ ಇತ್ತೇ? ಇದ್ದರೆ ಯಾವುದೋ ಆಯಿಲ್ ಸೀಲ್ ಸೋರುತ್ತಿದೆ. ಅದನ್ನು ಬಿಟ್ಟು ಬೆಲ್ಟ್ ಒಂದನ್ನೇ ಬದಲಿಸಿದರೆ ಹೊಸದೂ ಬೇಗ ಹಾಳಾಗುತ್ತದೆ. ಕಟ್ ಆದ ಬೆಲ್ಟಾದರೆ ಪುಲ್ಲಿಗಳ ಹಿಂದೆ ಸಿಕ್ಕಿಕೊಂಡ ನೂಲನ್ನು ನೋಸ್ ಪ್ಲೈಯರಿನಿಂದ ಒಂದೊಂದಾಗಿ ಎಳೆದು ತೆಗೆಯಬೇಕು. ಬೇಸರದ ಕೆಲಸ. ಮಾಡಲೇಬೇಕು. ಪುಲ್ಲಿಯ ಮೈಗೆ ಮಾತ್ರ ಗ್ರೀಸು ಸೋಕಬಾರದು. ಕೀಚಲು ಸದ್ದು ನಿಲ್ಲಲಿ ಎಂದು ಪೌಡರು ಬಳಿಯುವುದೂ ಬೇಡ.

ಈಗ ಈ ಕೆಲಸದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಗಳಿಗೆ. ಇಲ್ಲಿ ತುಸು ನಿಧಾನಿಸುತ್ತೇನೆ. ಬೆಲ್ಟಿನ ಮೇಲೆ ಬಾಣದ ಗುರುತಿದ್ದರೆ ಅದು ಚಕ್ರ ತಿರುಗುವ ದಿಕ್ಕಿಗೆ ಇರಲಿ. ಮೊದಲು ಹಿಂದಿನ ಪುಲ್ಲಿಯೊಳಗೆ ಬೆಲ್ಟನ್ನು ಆಳಕ್ಕೆ ಒತ್ತಿ. ಮುಂದೆ, ಒಳಗಿನ ತಟ್ಟೆಯನ್ನು ಎಂಜಿನ್ನಿನ ಕಡೆಗೆ ಪೂರ್ತಿ ತಳ್ಳಿ. ತಳ್ಳುವಾಗ ಅದರ ಹಿಂದಿನ ರೋಲರುಗಳು ಜಾರಿ ಅಡ್ಡ ಬೀಳದಂತೆ ನೋಡಿಕೊಳ್ಳಿ. ಈಗ ಬೆಲ್ಟ್ ಮುಂದಿನ ಪುಲ್ಲಿಯ ನಡುವೆ ಸಡಿಲವಾಗಿ ಜೋತುಕೊಂಡಿರಬೇಕು. ಆಮೇಲೆ ಹೊರಗಿನ ತಟ್ಟೆ, ಆಮೇಲೆ ನಟ್ಟು.

ಸಡಿಲವಾಗಿ ಯಾಕೆ? ನಟ್ಟು ಬಿಗಿಯುವಾಗ ಹೊರಗಿನ ತಟ್ಟೆ ನಡುವಿನ ಬುಷ್ಷಿಗೆ, ಅಂದರೆ ಲೋಹ ಲೋಹಕ್ಕೆ ಒತ್ತಿ ಕೂರಬೇಕು. ನಡುವೆ ಬೆಲ್ಟ್ ಸಿಕ್ಕಿಕೊಂಡರೆ ತಟ್ಟೆ ರಬ್ಬರನ್ನು ಒತ್ತುತ್ತದೆ. ನಟ್ಟು ಬಿಗಿಯಾಯಿತು ಎಂದು ಕೈಗೆ ಅನ್ನಿಸುತ್ತದೆ. ಏರ್ ಗನ್ ಹಿಡಿದು ಟರ್ರ್ ಅನ್ನಿಸುವವರಿಗಂತೂ ವ್ಯತ್ಯಾಸವೇ ತಿಳಿಯುವುದಿಲ್ಲ. ಗಾಡಿ ನಾಲ್ಕು ಹೆಜ್ಜೆ ಓಡುತ್ತಲೇ ಬೆಲ್ಟ್ ತನ್ನ ಜಾಗಕ್ಕೆ ಸರಿಯುತ್ತದೆ. ಆಗ ನಟ್ಟಿನ ಹಿಂದೆ ಸಂದು ಉಳಿಯುತ್ತದೆ. ತಟ್ಟೆ ಅಲ್ಲಾಡತೊಡಗುತ್ತದೆ. ದಂಡದ ಮೇಲಿನ ಹಲ್ಲುಗಳನ್ನು ಉಜ್ಜಿ ನುಣ್ಣಗೆ ಮಾಡಿಬಿಡುತ್ತದೆ. ಆ ದಂಡ ಎಂಜಿನ್ನಿನ ಕ್ರ್ಯಾಂಕ್‌ಶಾಫ್ಟ್. ಅದನ್ನು ಬದಲಿಸಲು ಎಂಜಿನ್ನನ್ನೇ ಬಿಚ್ಚಬೇಕು. ಬೆಲ್ಟ್ ಹಾಕಿಸಿ ವಾರ ಕಳೆದ ಮೇಲೆ ಮುಂದಿನಿಂದ ಟಣಟಣ ಸದ್ದು ಬಂದರೆ ಮೊದಲು ಇದನ್ನೇ ಅನುಮಾನಿಸಿ.

ತಪ್ಪಿಸುವುದು ಸುಲಭ. ಬಿಗಿಯುವ ಮೊದಲೂ ಬಿಗಿದ ಮೇಲೂ ಬೆಲ್ಟನ್ನು ಬೆರಳಿನಿಂದ ಅಲ್ಲಾಡಿಸಿ. ಮುಂದಿನ ಪುಲ್ಲಿಯಲ್ಲಿ ಅದು ಸಡಿಲವಾಗಿಯೇ ಇರಬೇಕು. ಬಿಗಿತ ಎಷ್ಟಿರಬೇಕೆಂದು ಪುಸ್ತಕದಲ್ಲಿದೆ, ಟಾರ್ಕ್ ರೆಂಚ್ ಇರುವ ಕಡೆ ಮಾಡಿಸಿ. ಕೊನೆಗೆ ಹಿಂದಿನ ಪುಲ್ಲಿಯನ್ನು ಕೈಯಿಂದ ತಿರುಗಿಸುತ್ತ ಬೆಲ್ಟ್ ಅಲ್ಲಿ ಅಂಚಿಗೆ ಏರಿ ಬರುವವರೆಗೆ ನೋಡಿ. ಅದು ಏರಿದ ಮೇಲಷ್ಟೇ ಸ್ಟಾರ್ಟ್ ಮಾಡಬೇಕು.

ಬದಲಿಸುವ ಬಗೆ ಕೇಳಿದಿರಿ. ಕೊಳ್ಳುವುದರ ಬಗ್ಗೆ ಹೆಚ್ಚಿಲ್ಲ. ನಿಮ್ಮ ಗಾಡಿಯ ಮಾಡೆಲ್ ಮತ್ತು ವರ್ಷ ಹೇಳಿ, ಪಾರ್ಟ್ ನಂಬರ್ ನೋಡಿ ತನ್ನಿ. "ಇದೂ ಕೂರುತ್ತೆ ಸಾರ್" ಎಂದು ಬೇರೆ ಗಾಡಿಯದನ್ನು ಕೊಟ್ಟರೆ ಬೇಡ ಅನ್ನಿ. ಕೂರುವುದು ನಿಜ. ಆದರೆ ಅಗಲ ಒಂದಿಷ್ಟು ಬೇರೆಯಾದರೆ ಗೇರೇ ಬೇರೆಯಾಗುತ್ತದೆ ಎಂದು ಈಗ ನಿಮಗೆ ಗೊತ್ತು.

ಬ್ಯಾಟರಿ ಸ್ಕೂಟರ್ ಇಟ್ಟವರು ಇದೆಲ್ಲ ನಮಗೂ ಅನ್ವಯವೇ ಎಂದು ಕೇಳಬಹುದು. ಇಲ್ಲ. ಬೆಂಗಳೂರಿನ ಏಥರ್ ಕಂಪನಿಯ 450ರಂಥ ಗಾಡಿಗಳಲ್ಲಿ ಬೆಲ್ಟ್ ಇದೆ, ಆದರೆ ಅದು ಪಕ್ಕದಿಂದಲ್ಲ, ಹಲ್ಲಿನಿಂದ ಹಿಡಿಯುವ ಬೆಲ್ಟ್. ಚೈನಿನ ಹಾಗೆ ಹಲ್ಲಿಗೆ ಹಲ್ಲು ಕೂಡಿ ತಿರುಗುತ್ತದೆ, ಗೇರು ಬದಲಿಸುವುದಿಲ್ಲ. ಅಲ್ಲಿ ನೋಡಬೇಕಾದದ್ದು ಅಗಲವನ್ನಲ್ಲ, ಬಿಗಿತವನ್ನು ಮತ್ತು ಹಲ್ಲನ್ನು.

ಇನ್ನು ಮಳೆಗಾಲದ್ದೊಂದು ಮಾತು. ಮೊಣಕಾಲು ನೀರಿನಲ್ಲಿ ಗಾಡಿ ದಾಟಿಸಿದರೆ ಗಾಳಿ ಬರುವ ದಾರಿಯಲ್ಲೇ ನೀರೂ ಬೆಲ್ಟಿನ ಗೂಡಿಗೆ ನುಗ್ಗುತ್ತದೆ. ಬೆಲ್ಟ್ ಜಾರುತ್ತದೆ. ಜೋರು ಕೊಟ್ಟು ಒಣಗಿಸಲು ಹೋದರೆ ಜಾರುವ ಜಾಗ ಸುಟ್ಟು, ಅಲ್ಲೊಂದು ಹಳ್ಳ ಬೀಳುತ್ತದೆ. ನಿಲ್ಲಿಸಿ. ಮುಚ್ಚಳ ಬಿಚ್ಚಿಸಿ ನೀರು ಒರೆಸಿ. ಉತ್ತರ ಕರ್ನಾಟಕದ ಬೇಸಿಗೆಯ ದೂಳಿನಲ್ಲಿ ಓಡಿಸುವವರು ಆ ಗಾಳಿದಾರಿಯನ್ನೇ ಆಗಾಗ ಚೊಕ್ಕಟ ಮಾಡಿಸಬೇಕು. ಗಾಳಿ ಕಟ್ಟಿದರೆ ಕಾವು ಏರುತ್ತದೆ.

ಹೊಸ ಬೆಲ್ಟ್ ಹಾಕಿದ ಮೇಲೆ ಮೊದಲ ನೂರು ಕಿಲೋಮೀಟರ್ ಮೆತ್ತಗೆ ಓಡಿಸಿ. ಗ್ಯಾರೇಜಿನಿಂದ ಹೊರಡುವ ಮುಂಚೆ ಹಳೆಯ ಬೆಲ್ಟನ್ನು ಕೇಳಿ ತೆಗೆದುಕೊಳ್ಳಿ. ಬದಲಿಸಿದ್ದಕ್ಕೆ ಅದೇ ಸಾಕ್ಷಿ. ಮೀಟರಿನಲ್ಲಿ ಎಷ್ಟು ಓಡಿದೆಯೋ ಆ ಸಂಖ್ಯೆಯನ್ನು, ಅವತ್ತಿನ ತಾರೀಖನ್ನು ಒಂದು ಚೀಟಿಯಲ್ಲಿ ಬರೆದು ಸೀಟಿನ ಅಡಿಯಲ್ಲಿ ಅಂಟಿಸಿ. ಪಕ್ಕದಲ್ಲೇ ಮುಂದಿನ ಸಲ ಅಳೆಯಬೇಕಾದ ಕಿಲೋಮೀಟರನ್ನೂ ಬರೆದಿಡಿ.